3 ಕಿಲೋವ್ಯಾಟ್ ಅಂದ್ರೆ ದಿನಕ್ಕೆ ಎಷ್ಟು ಯೂನಿಟ್?

ಹಂಗಳದಲ್ಲಿ ನಮ್ಮ ಗೆಳೆಯನ ದೊಡ್ಡಪ್ಪ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದಾರೆ. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ರೂಪಾಯಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ. "ದಿನಕ್ಕೆ 15 ಯೂನಿಟ್ ಗ್ಯಾರಂಟಿ, ಬಿಲ್ ಸೊನ್ನೆ" ಅಂದಿದ್ರಂತೆ ಹಾಕಿದವರು. ಜುಲೈನಲ್ಲಿ ನಾವು ನಾಲ್ವರು ಹೋದಾಗ ಹಿಂದಿನ ದಿನದ ಲೆಕ್ಕ 6.8 ಯೂನಿಟ್ ಅಂತ ಮೊಬೈಲಲ್ಲಿ ತೋರಿಸ್ತಿತ್ತು. ಬಿಲ್ಲೂ ಬಂದಿತ್ತು. "ಇಂಜಿನಿಯರಿಂಗ್ ಓದ್ತೀರಲ್ಲ ಕೂಸು, ನೋಡಿ ಹೇಳಿ, ಪ್ಯಾನಲ್ ಡೂಪ್ಲಿಕೇಟಾ?"

ಡೂಪ್ಲಿಕೇಟ್ ಅಲ್ಲ. ಲೆಕ್ಕ ಅರ್ಧ ಹೇಳಿದ್ದಾರೆ ಅಷ್ಟೆ.

ಪ್ಯಾನಲ್ ಹಿಂದೆ 500 ವ್ಯಾಟ್ ಅಂತ ಬರೆದಿರೋದು ಲ್ಯಾಬಿನ ಅಂಕಿ: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್ಲಿನ ಬಿಸಿ 25 ಡಿಗ್ರಿ. ನಮ್ಮ ಕಡೆ ವರ್ಷದ ಸರಾಸರಿ ತೆಗೆದರೆ ಇಂಥ ಪೂರ್ತಿ ಬಿಸಿಲು ದಿನಕ್ಕೆ ಸುಮಾರು 5 ಗಂಟೆಯಷ್ಟು ಸಿಗುತ್ತೆ. 3 ಇಂಟು 5, ಹದಿನೈದು. ಅವರು ಇಲ್ಲಿಗೇ ನಿಲ್ಲಿಸಿದ್ರು. ಆದ್ರೆ ಮಧ್ಯಾಹ್ನದ ಬಿಸಿಲಿಗೆ ಸೆಲ್ 55 ಡಿಗ್ರಿ ಮುಟ್ಟುತ್ತೆ, ಪ್ರತಿ ಡಿಗ್ರಿಗೆ ಸುಮಾರು ಶೇ. 0.35 ಇಳಿಕೆ. ಅಂದ್ರೆ ಆ ಹೊತ್ತಲ್ಲಿ ಶೇ. 10 ಹೋಯ್ತು. ಬಿಸಿಲು ಜಾಸ್ತಿ ಆದಷ್ಟೂ ಪ್ಯಾನಲ್‌ಗೆ ಸುಸ್ತು, ನಮ್ಮ ಹಾಗೇ. ಇನ್ವರ್ಟರ್, ವೈರು, ಧೂಳು ಎಲ್ಲ ಸೇರಿ ಇನ್ನೊಂದು ಶೇ. 10. ಕೊನೆಗೆ ಉಳಿಯೋದು 12ರ ಆಸುಪಾಸು. ಅದಕ್ಕೇ ಒಂದು ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಅಂತ ಇಟ್ಕೊಳ್ಳಬೇಕು.

ಅದೂ ವರ್ಷದ ಸರಾಸರಿ. ದೊಡ್ಡಪ್ಪನ ಮನೆಯಲ್ಲೇ ಏಪ್ರಿಲ್‌ನಲ್ಲಿ 13 ದಾಟಿದ ದಿನಗಳಿವೆ. ಜುಲೈನಲ್ಲಿ ಗುಂಡ್ಲುಪೇಟೆ ಕಡೆ ಮಳೆ ಕಮ್ಮಿ, ಮೋಡ ಮಾತ್ರ ಘಟ್ಟದ ಕಡೆಯಿಂದ ಬರ್ತಾನೇ ಇರುತ್ತೆ. ನಾವು ಹೋದಾಗ ಊಟಿ ರಸ್ತೆಯಲ್ಲಿ ಸೂರ್ಯಕಾಂತಿ ಹೊಲದ ಪಕ್ಕ ಕಾರು ನಿಲ್ಸಿ ಜನ ಫೋಟೋ ತೆಗೀತಿದ್ರು. ಆ ಹೂವಿಗೇ ಸೂರ್ಯ ಕಾಣ್ತಿರಲಿಲ್ಲ.

ಹಾಗಾದ್ರೆ ಎಷ್ಟು ಕಿಲೋವ್ಯಾಟ್ ಹಾಕಿಸಬೇಕು? ಕರೆಂಟ್ ಬಿಲ್ ತೆಗೆದು ತಿಂಗಳ ಯೂನಿಟ್ಟನ್ನ 30ರಿಂದ ಭಾಗಿಸಿ, ಆಮೇಲೆ 4ರಿಂದ. ದೊಡ್ಡಪ್ಪನ ಮನೆಗೆ ಫ್ರಿಜ್ಜು, ಬೋರಿನ ಮೋಟಾರು ಸೇರಿ 270 ಯೂನಿಟ್. ದಿನಕ್ಕೆ 9, ಅಂದ್ರೆ 2.25 ಕಿಲೋವ್ಯಾಟ್. 3 ಹಾಕಿಸಿದ್ದು ತಪ್ಪೇನಲ್ಲ, 15 ಅಂತ ನಂಬಿಸಿದ್ದು ತಪ್ಪು. ನೆಟ್ ಮೀಟರಿಂಗ್ ಇದ್ರೂ ನಿಗದಿತ ಶುಲ್ಕ ಇರುತ್ತೆ, ಪೂರ್ತಿ ಸೊನ್ನೆ ಅನ್ನೋ ಮಾತು ಅಲ್ಲೇ ಬಿದ್ದೋಯ್ತು. ಗೃಹಜ್ಯೋತಿಯಲ್ಲಿ ಆಗಲೇ ಬಿಲ್ ಕಟ್ಟದ ಮನೆಯವರಂತೂ ಸಬ್ಸಿಡಿ ಸಿಗುತ್ತೆ ಅಂತ ಸಾಲಕ್ಕೆ ಕೈ ಹಾಕೋ ಮುಂಚೆ ಎರಡು ಸಲ ಯೋಚಿಸೋದು ಒಳ್ಳೇದು ಅಂತ ನಮಗನ್ಸುತ್ತೆ.

ಮಾಳಿಗೆ ಹತ್ತಿದಾಗ ಒಂದು ನಿಜವಾದ ತೊಂದರೆ ಸಿಕ್ತು. ಮೂರೂವರೆ ಆಗ್ತಿದ್ದ ಹಾಗೆ ನೀರಿನ ಟ್ಯಾಂಕಿನ ನೆರಳು ಕೊನೆಯ ಪ್ಯಾನಲ್ ಮೇಲೆ ಬೀಳ್ತಿತ್ತು. ಆರರಲ್ಲಿ ಒಂದೇ ತಾನೆ ಅನ್ಬೇಡಿ. ಆರೂ ಸೀರೀಸ್‌ನಲ್ಲಿವೆ. ಮನೆಗೆ ಮೋಲ್ಡ್ ಹಾಕುವಾಗ ಬಾಂಡ್ಲಿಯನ್ನ ಕೈಯಿಂದ ಕೈಗೆ ದಾಟಿಸ್ತಾರಲ್ಲ, ಮಧ್ಯದಲ್ಲಿ ಒಬ್ಬ ನಿಧಾನ ಆದ್ರೆ ಇಡೀ ಸಾಲು ನಿಧಾನ. ಬೈಪಾಸ್ ಡಯೋಡ್ ಅವನನ್ನ ಬಿಟ್ಟು ಮುಂದಿನವನಿಗೆ ಬಾಂಡ್ಲಿ ಕೊಡುತ್ತೆ. ಸಾಲು ನಡೆಯುತ್ತೆ, ಆದ್ರೆ ಆ ಭಾಗದ ವಿದ್ಯುತ್ ಹೋಯ್ತು ಅಂತಲೇ ಲೆಕ್ಕ.

ಇಳಿದು ಕಾಫಿ ಕುಡೀತಿದ್ದಾಗ ಮೋಡ ಸರಿದು ಬಿಸಿಲು ಬಂತು, ಅದೇ ಹೊತ್ತಿಗೆ ಕರೆಂಟ್ ಹೋಯ್ತು. ಸೋಲಾರೂ ನಿಂತೋಯ್ತು. "ಬಿಸ್ಲು ಕಾಯ್ತಾ ಅದ, ಪ್ಯಾನಲ್ಲು ಮ್ಯಾಲೇ ಅವ, ಕರೆಂಟ್ ಇಲ್ಲ ಅಂದ್ರ ಏನ್ ಕೂಸು ಇದು?" ದೊಡ್ಡಪ್ಪನ ಸಿಟ್ಟಿಗೆ ಅರ್ಥ ಇತ್ತು, ಕರೆಂಟ್ ಹೋದಾಗ ಬೇಕು ಅಂತಲೇ ಹಾಕಿಸಿದ್ದು. ಆದ್ರೆ ಲೈನ್ ಸತ್ತಾಗ ನಮ್ಮ ಮನೆಯಿಂದ ಕರೆಂಟ್ ಹರಿದ್ರೆ ಕಂಬ ಹತ್ತಿರೋ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಹಾಗಾಗಿ ಗ್ರಿಡ್ ಇನ್ವರ್ಟರ್ ತಾನೇ ಆಫ್ ಆಗುತ್ತೆ, ಆಗಲೇಬೇಕು. ಆಗಲೂ ಮನೆಗೆ ಬೆಳಕು ಬೇಕು ಅಂದ್ರೆ ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್ ಬೇಕು, ಅದರ ಖರ್ಚು ಬೇರೆ. ಇದನ್ನ ಹಾಕುವ ಮೊದಲೇ ಯಾರೂ ಅವರಿಗೆ ಹೇಳಿರಲಿಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಟ್ರಿ ಆಮೇಲ ನೋಡವ, ಮೊದ್ಲು ಟ್ಯಾಂಕ್ ಸರುಸ್ತೀನಿ" ಅಂದ್ರು.