ಲೀಡ್ಸ್‌ನಲ್ಲಿ ಬಸ್ಸಲ್ಲ, ಬುಸ್ಸು

ಪಿ-ಯು-ಟಿ ಪುಟ್ ಆದರೆ ಬಿ-ಯು-ಟಿ ಬುಟ್ ಯಾಕಾಗಲ್ಲ? ಇಂಗ್ಲಿಷ್ ಮೇಷ್ಟ್ರನ್ನು ಪೇಚಿಗೆ ಸಿಲುಕಿಸುವ ಈ ಹಳೆಯ ಪ್ರಶ್ನೆ ಲೀಡ್ಸ್‌ನ ಮಕ್ಕಳಿಗೆ ಹೊಳೆಯಲಿಕ್ಕಿಲ್ಲ. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಎರಡಕ್ಕೂ ಒಂದೇ ಸ್ವರ. ಅಲ್ಲಿ ಕಪ್ ಎಂದರೆ ಹೆಚ್ಚುಕಮ್ಮಿ 'ಕುಪ್', ಬಸ್ 'ಬುಸ್', ಲವ್ 'ಲುವ್'.

ದಕ್ಷಿಣದವರು ಇದನ್ನು ಒರಟು ಉಚ್ಚಾರವೆಂದು ಆಡಿಕೊಂಡದ್ದುಂಟು. ಆದರೆ ಹಿರಿತನ ಉತ್ತರದ್ದೇ. ಷೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲೂ ಇದ್ದದ್ದು ಉಕಾರವೇ. 17ನೇ ಶತಮಾನದಲ್ಲಿ ದಕ್ಷಿಣದವರ ತುಟಿ ಸಡಿಲಗೊಂಡು, ನಾಲಗೆ ಕೆಳಗಿಳಿದು, ಆ ಸ್ವರ ನಮ್ಮ ಅಕಾರದ ಹತ್ತಿರಕ್ಕೆ ಜಾರಿತು. ತುಟಿಯಿಂದ ಹುಟ್ಟುವ ವ್ಯಂಜನಗಳ ಪಕ್ಕದಲ್ಲಿ ಮಾತ್ರ ಎಷ್ಟೋ ಕಡೆ ಹಳೆಯದೇ ಉಳಿಯಿತು: ಪುಟ್, ಬುಲ್, ಫುಲ್. ಇದೂ ಗಟ್ಟಿ ನಿಯಮವೇನಲ್ಲ, 'ಬಟ್' ತಪ್ಪಿಸಿಕೊಂಡಿದೆ ನೋಡಿ.

ಬಾತ್, ಗ್ಲಾಸ್, ಪಾಸ್ ಎಂದು ನಾವು ಎಳೆಯುವ ದೀರ್ಘವೂ ದಕ್ಷಿಣದ ಹೊಸತೇ. ಉತ್ತರದವರು ಹ್ರಸ್ವದಲ್ಲೇ ಮುಗಿಸುತ್ತಾರೆ. 1791ರಲ್ಲಿ ಉಚ್ಚಾರಣಾ ನಿಘಂಟು ಹೊರತಂದ ಜಾನ್ ವಾಕರ್, ಇಂಥ ಪದಗಳನ್ನು ಹೀಗೆ ಎಳೆಯುವುದು ಅಶಿಷ್ಟವೆನ್ನುವಷ್ಟರ ಮಟ್ಟಿಗೆ ಗದರಿದ್ದ. ಮುಂದೆ ಬಿಬಿಸಿಯಲ್ಲಿ ಅದೇ ಶಿಷ್ಟರ ಮಾತಾಯಿತು! 1941ರಲ್ಲಿ ಯಾರ್ಕ್‌ಷೈರ್‌ನ ವಿಲ್ಫ್ರೆಡ್ ಪಿಕಲ್ಸ್ ತನ್ನೂರಿನ ಧಾಟಿಯಲ್ಲಿ ರಾಷ್ಟ್ರೀಯ ವಾರ್ತೆ ಓದಿ, ಉತ್ತರದವರಿಗೆ 'ಗುಡ್ ನೈಟ್' ಬದಲು 'ಗುಡ್ ನೀಟ್' ಹೇಳಿದಾಗ ಕೇಳುಗರಿಂದ ದೂರುಗಳು ಬಂದವು.

1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ನೇತೃತ್ವದ ತಂಡ ಇಂಥ ಆಡುಮಾತುಗಳನ್ನು ದಾಖಲಿಸಲು 313 ಕಡೆ ತಿರುಗಿ, ಹೆಚ್ಚಾಗಿ ಹಳ್ಳಿಯ ಹಿರಿಯರನ್ನು ಮಾತಾಡಿಸಿತು. ಬೇಕಾದ ಪದವನ್ನು ಕೇಳುವವರು ತಾವೇ ಆಡಬಾರದು. ವಸ್ತು ತೋರಿಸಿಯೋ ಬಳಸಿ ಕೇಳಿಯೋ 'ಇದಕ್ಕೇನಂತೀರಿ?' ಎಂದು ಹೊರಡಿಸಬೇಕು. ಇಲ್ಲದಿದ್ದರೆ ಅಜ್ಜ ಮೇಷ್ಟ್ರ ಉಚ್ಚಾರವನ್ನೇ ತಿರುಗಿ ಒಪ್ಪಿಸಿಬಿಡುತ್ತಾನಲ್ಲ! ಹಾಗೆ ಕಲೆಹಾಕಿದ ಮಾತುಗಳಿಂದ ಬರೆದ ನಕ್ಷೆಗಳಲ್ಲಿ ಪೂರ್ವದ ವಾಷ್ ಕೊಲ್ಲಿಯ ಕಡೆಯಿಂದ ವೇಲ್ಸ್ ಗಡಿಯತ್ತ ಈ ಎರಡೂ ಸ್ವರಗಳಲ್ಲಿ ಉತ್ತರ-ದಕ್ಷಿಣವನ್ನು ಬೇರ್ಪಡಿಸುವ ಗೆರೆಗಳು ಅಂಕುಡೊಂಕಾಗಿ ಸಾಗುತ್ತವೆ.

ಗೆರೆ ದಾಟಿ ದಕ್ಷಿಣಕ್ಕೆ ದುಡಿಯಲು ಹೋದವರಲ್ಲಿ ಕೆಲವರು ಉಕಾರ ತಿದ್ದಿಕೊಳ್ಳುವ ಭರದಲ್ಲಿ ಕುಶನ್ನನ್ನೂ 'ಕಶನ್' ಮಾಡಿಬಿಡುತ್ತಾರೆ. ಬಾತ್ ವಿಷಯಕ್ಕೆ ಬಂದರೆ ಹಟ. ಧ್ವನಿವಿಜ್ಞಾನಿ ಜಾನ್ ವೆಲ್ಸ್ 1982ರ ತಮ್ಮ ಗ್ರಂಥದಲ್ಲಿ ಗುರುತಿಸಿದಂತೆ, 'ಕುಪ್' ಎನ್ನಲು ನಾಚುವ ಓದಿದ ಉತ್ತರದವರೂ ಬಾತ್‌ನ ಹ್ರಸ್ವ ಬಿಟ್ಟುಕೊಡರು. ನನಗೆ ತೋರುವ ಕಾರಣ ಇಷ್ಟೇ: 'ಕುಪ್' ಅಂದರೆ ಓದಿಲ್ಲದವ ಅಂದಾರು ಎಂಬ ಅಳುಕು, 'ಬಾ...ತ್' ಎಂದು ಎಳೆದರೆ ಊರಲ್ಲಿ ಅಣ್ಣತಮ್ಮಂದಿರೇ ದೊಡ್ಡಸ್ತಿಕೆ ಬಂತೆಂದು ನಕ್ಕಾರು.