ಎರಡು ಬ್ರೌಸರ್ ಇರಲಿ ಗುರು!

ರಾತ್ರಿ ಹನ್ನೊಂದು ಗಂಟೆ. ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಉಳಿದಿದ್ದು ಇನ್ನೊಂದೇ ಗಂಟೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ್ದೆ. ‘ಸಬ್‌ಮಿಟ್’ ಒತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮತ್ತೆ ಒತ್ತಿದೆ, ಪುಟ ಪೂರ್ತಿ ಬಿಳಿಯಾಯಿತು. ಈ ಹಣ ಬರದಿದ್ದರೆ ಮುಂದಿನ ಸೆಮಿಸ್ಟರ್‌ನ ಹಾಸ್ಟೆಲ್ ಶುಲ್ಕಕ್ಕೆ ಅಪ್ಪ ಮತ್ತೆ ಸೊಸೈಟಿ ಸಾಲಕ್ಕೆ ಹೋಗಬೇಕು. ಹೊಟ್ಟೆಯೊಳಗೆ ತಳಮಳ ಶುರುವಾಯಿತು.

ರೂಮ್‌ಮೇಟ್ ಎದ್ದು ಬಂದು ಪರದೆ ನೋಡಿದ. ‘ಲೇ, ಎಷ್ಟು ಟ್ಯಾಬ್ ತೆಗ್ದಿದ್ದೀಯೋ?’ ಎಣಿಸಿದೆ. ಇಪ್ಪತ್ತಾರು! ನಾಲ್ಕು ಜಿಬಿ ರ‍್ಯಾಮ್‌ನ ನನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಫ್ಯಾನ್ ಗಿರಣಿಯಂತೆ ಸದ್ದು ಮಾಡುತ್ತಿತ್ತು. ‘ಬೇರೆ ಬ್ರೌಸರ್‌ನಲ್ಲಿ ನೋಡು ಮಗಾ’ ಅಂದ. ಟಾಸ್ಕ್‌ಬಾರ್‌ನ ಮೂಲೆಯಲ್ಲಿ ಇನ್ನೊಂದು ಬ್ರೌಸರ್ ಇತ್ತು. ಲ್ಯಾಪ್‌ಟಾಪ್ ಕೊಂಡ ದಿನ ನನ್ನ ಇಷ್ಟದ ಬ್ರೌಸರ್ ಡೌನ್‌ಲೋಡ್ ಮಾಡಿಕೊಳ್ಳಲು ಅದನ್ನು ಒಮ್ಮೆ ತೆರೆದಿದ್ದೆ, ಅಷ್ಟೆ. ಈಗ ಅದರಲ್ಲೇ ಲಾಗಿನ್ ಆದೆ. ಒತ್ತಿದ ಕೂಡಲೇ ಚಿಕ್ಕದೊಂದು ಕಿಟಕಿ ತೆರೆದು, ದೃಢೀಕರಣ ಕೇಳಿ, ನೋಂದಣಿ ಸಂಖ್ಯೆ ಕೊಟ್ಟಿತು. ಆಗ ಗಂಟೆ 11.48.

ಮೊದಲು ಆಗಿದ್ದೇನು? ಜಾಹೀರಾತು ತಡೆಯಲೆಂದು ನಾನೇ ಹಾಕಿಕೊಂಡಿದ್ದ ಎಕ್ಸ್‌ಟೆನ್ಶನ್ ಆ ಚಿಕ್ಕ ಕಿಟಕಿಯನ್ನೂ ತಡೆದಿತ್ತು. ತಪ್ಪು ಬ್ರೌಸರ್‌ನದ್ದಲ್ಲ, ಎಲ್ಲ ಕೆಲಸವನ್ನೂ ಒಂದರ ಮೇಲೇ ಹೇರಿದ್ದ ನನ್ನದು. ಕಂಪ್ಯೂಟರ್ ಸೈನ್ಸ್ ಓದುವ ನಾನು ದಿನಕ್ಕೆ ಎಂಟು ತಾಸು ಬಳಸುವ ಈ ಸಾಧನದ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಮರುದಿನದಿಂದ ಓದತೊಡಗಿದೆ.

ಮೊದಲು ತಿಳಿದಿದ್ದು, ಬ್ರೌಸರ್‌ಗಳ ಹೆಸರು ಹತ್ತಾರು, ಆದರೆ ಒಳಗಿನ ಹಿಟ್ಟು ಹೆಚ್ಚಾಗಿ ಒಂದೇ. ಜಾಲತಾಣದ ಕೋಡ್ ಓದಿ ಅದನ್ನು ಅಕ್ಷರ, ಚಿತ್ರ, ಬಟನ್‌ಗಳಾಗಿ ಪರದೆಯ ಮೇಲೆ ಮೂಡಿಸುವ ಭಾಗಕ್ಕೆ ಎಂಜಿನ್ ಎನ್ನುತ್ತಾರೆ. ಕ್ರೋಮ್, ಎಡ್ಜ್, ಒಪೇರಾ, ಬ್ರೇವ್, ವಿವಾಲ್ಡಿ ಎಲ್ಲವೂ ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿವೆ. ಅವುಗಳ ಎಂಜಿನ್ ಬ್ಲಿಂಕ್. ಮೈಕ್ರೊಸಾಫ್ಟ್ ಕೂಡ ಸ್ವಂತ ಎಂಜಿನ್ ಬಿಟ್ಟು 2020ರಲ್ಲಿ ಎಡ್ಜ್ ಅನ್ನು ಇದೇ ಬುನಾದಿಗೆ ತಂದಿತು. ಸೆಟ್ ದೋಸೆ, ಖಾಲಿ ದೋಸೆ, ಮಸಾಲೆ ದೋಸೆ ಇದ್ದಂತೆ. ಫೈರ್‌ಫಾಕ್ಸ್ ಮಾತ್ರ ಅಕ್ಕಿರೊಟ್ಟಿ: ಗೆಕ್ಕೊ ಎಂಬ ಬೇರೆಯದೇ ಎಂಜಿನ್. ಆ್ಯಪಲ್‌ನ ಸಫಾರಿಯದು ವೆಬ್‌ಕಿಟ್.

ಹಾಗಾದರೆ ಆಯ್ಕೆ ಮಾಡುವುದು ಯಾವುದನ್ನು ನೋಡಿ? ನನಗೆ ಕಂಡಂತೆ ಮೆಮೊರಿ, ಖಾಸಗಿತನ ಮತ್ತು ನಮ್ಮ ಕೆಲಸ, ಈ ಮೂರನ್ನು.

ಇಂದಿನ ಬ್ರೌಸರ್‌ಗಳು ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಓಡಿಸುತ್ತವೆ. ಒಂದು ಟ್ಯಾಬ್ ಕುಸಿದರೂ ಉಳಿದವು ಬದುಕಿರುತ್ತವೆ, ಇದಕ್ಕೆ ತೆರುವ ಬೆಲೆ ಮೆಮೊರಿ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ, ಯಾವ ಟ್ಯಾಬ್ ಎಷ್ಟು ನುಂಗುತ್ತಿದೆ ಎಂಬ ಪಟ್ಟಿಯೇ ಬರುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದವರು ಕ್ರೋಮ್‌ನ ಮೆಮೊರಿ ಸೇವರ್ ಅಥವಾ ಎಡ್ಜ್‌ನ ಸ್ಲೀಪಿಂಗ್ ಟ್ಯಾಬ್ಸ್ ಚಾಲೂ ಮಾಡಿಕೊಳ್ಳಬಹುದು. ಬಳಸದ ಟ್ಯಾಬ್‌ಗಳನ್ನು ಅವು ಮಲಗಿಸುತ್ತವೆ.

ಖಾಸಗಿತನದ ವಿಷಯಕ್ಕೆ ಬಂದರೆ, ಬ್ರೇವ್ ಮತ್ತು ಫೈರ್‌ಫಾಕ್ಸ್ ನಮ್ಮನ್ನು ಹಿಂಬಾಲಿಸುವ ಹಲವು ಟ್ರ್ಯಾಕರ್‌ಗಳನ್ನು ತಾವಾಗಿಯೇ ತಡೆಯುತ್ತವೆ. ‘ಇನ್‌ಕಾಗ್ನಿಟೊ ಇದೆಯಲ್ಲ’ ಎನ್ನಬೇಡಿ. ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೆ. ನೀವು ಯಾವ ಜಾಲತಾಣಕ್ಕೆ ಹೋದಿರಿ ಎಂಬುದು ಕಾಲೇಜಿನ ವೈಫೈ ನೋಡಿಕೊಳ್ಳುವವರಿಗೆ ಆಗಲೂ ಗೊತ್ತಾಗಬಹುದು.

ಇನ್ನು ಕೆಲಸ. ವೆಬ್ ಡೆವಲಪ್‌ಮೆಂಟ್ ಕಲಿಯುವವರಿಗೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರ ಡೆವಲಪರ್ ಟೂಲ್‌ಗಳೂ ಬೇಕು. ನಾವು ಮಾಡಿದ ಪುಟ ಎರಡು ಎಂಜಿನ್‌ಗಳಲ್ಲೂ ಒಂದೇ ರೀತಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕಲ್ಲ. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆಂದೇ ಕಟ್ಟಿದ ಜಾಲತಾಣ ಎದುರಾದರೆ ಎಡ್ಜ್‌ನ ‘ಐಇ ಮೋಡ್’ ನೆರವಿಗೆ ಬರುತ್ತದೆ. ಕನ್ನಡದಲ್ಲೇ ಮೆನು ಬೇಕೆಂದರೆ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಉಂಟು. ನಮ್ಮ ದೇಶದವರ ಪ್ರಯತ್ನವೂ ಇದೆ. 2010ರಲ್ಲಿ ಬೆಂಗಳೂರಿನಿಂದಲೇ ಎಪಿಕ್ ಎಂಬ ಬ್ರೌಸರ್ ಬಂತು. 2023ರಲ್ಲಿ ಜೊಹೊ ಕಂಪನಿ ಉಲಾ ಬಿಡುಗಡೆ ಮಾಡಿತು.

ಇಷ್ಟೆಲ್ಲ ಇದ್ದೂ ನಾವು ಒಂದನ್ನೇ ಏಕೆ ಹಿಡಿದುಕೊಳ್ಳುತ್ತೇವೆ? ಮೊದಲೇ ಕೈಗೆ ಸಿಕ್ಕಿದ್ದನ್ನು ಬದಲಾಯಿಸುವ ಗೋಜಿಗೆ ಹೋಗುವುದಿಲ್ಲ. ಈ ಸೋಮಾರಿತನದ ಬೆಲೆ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಸಫಾರಿಯಲ್ಲಿ ತನ್ನದೇ ಸರ್ಚ್ ಮೊದಲಿಗೆ ಇರಲೆಂದು ಗೂಗಲ್ 2022ರಲ್ಲಿ ಆ್ಯಪಲ್‌ಗೆ ಕೊಟ್ಟ ಹಣ 20 ಶತಕೋಟಿ ಡಾಲರ್ ಎಂಬುದು ಅಮೆರಿಕದ ನ್ಯಾಯಾಲಯದಲ್ಲಿ ಬಹಿರಂಗವಾಯಿತು. ಯಾರು ಬೇಕಾದರೂ ಎರಡೇ ನಿಮಿಷದಲ್ಲಿ ಬದಲಿಸಬಹುದಾದ ಒಂದು ಸೆಟ್ಟಿಂಗ್‌ಗೆ ಅಷ್ಟು ದುಡ್ಡು! ವಿಂಡೋಸ್ ಜೊತೆಗೇ ಬರುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದು ಕಾಲಕ್ಕೆ ಹೀಗೆಯೇ ಜಗತ್ತನ್ನು ಆಳಿತ್ತು. ನೀಲಿ ‘ಇ’ ಅಕ್ಷರವೇ ಇಂಟರ್‌ನೆಟ್ ಎಂದು ಎಷ್ಟೋ ಜನ ತಿಳಿದಿದ್ದರು. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದು ಪೈಪೋಟಿ ಕೊಟ್ಟ ಮೇಲೆ ಜನ ನಿಧಾನಕ್ಕೆ ಕದಲಿದರು. 2022ರ ಜೂನ್ 15ರಂದು ಮೈಕ್ರೊಸಾಫ್ಟ್ ಅದಕ್ಕೆ ನಿವೃತ್ತಿ ನೀಡಿತು.

ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ಬ್ರೌಸರ್‌ಗಳಿವೆ. ಒಂದಕ್ಕೆ ‘ಕಚೇರಿ’ ಎಂದು ಹೆಸರಿಟ್ಟಿದ್ದೇನೆ, ಇನ್ನೊಂದಕ್ಕೆ ‘ಕಟ್ಟೆ’. ಅರ್ಜಿ, ಶುಲ್ಕ ಪಾವತಿ, ಬ್ಯಾಂಕ್, ಕ್ಯಾಂಪಸ್ ಪ್ಲೇಸ್‌ಮೆಂಟ್‌ನ ಆನ್‌ಲೈನ್ ಟೆಸ್ಟ್ ಎಲ್ಲ ಕಚೇರಿಯಲ್ಲಿ. ಅಲ್ಲಿ ಒಂದೂ ಎಕ್ಸ್‌ಟೆನ್ಶನ್ ಇಲ್ಲ, ನಾಲ್ಕಕ್ಕಿಂತ ಹೆಚ್ಚು ಟ್ಯಾಬ್ ಇಲ್ಲ. ಟೆಸ್ಟ್‌ಗೆ ಮುಂಚಿನ ದಿನವೇ ಕ್ಯಾಮೆರಾ, ಮೈಕ್ ಅನುಮತಿ ನೋಡಿಕೊಳ್ಳುತ್ತೇನೆ. ವಿಡಿಯೊ, ಓದು, ಹರಟೆ, ಕ್ರಿಕೆಟ್ ಸ್ಕೋರ್ ಕಟ್ಟೆಗೆ. ಅಲ್ಲಿ ಟ್ಯಾಬ್ ಇಪ್ಪತ್ತಾರಾದರೂ ಕೇಳುವವರಿಲ್ಲ. ಎರಡನ್ನೂ ಅಪ್‌ಡೇಟ್ ಮಾಡುತ್ತಿರುತ್ತೇನೆ. ಭದ್ರತೆಯ ಬಿರುಕು ಮುಚ್ಚುವುದು ಅಪ್‌ಡೇಟ್‌ಗಳೇ. ಕಾಲೇಜಿನ ಲ್ಯಾಬ್ ಅಥವಾ ಸೈಬರ್ ಸೆಂಟರ್‌ನಲ್ಲಿ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರ್ ಕೇಳಿದರೆ ನನ್ನ ಉತ್ತರ ಯಾವಾಗಲೂ ‘ಬೇಡ’. ಎದ್ದು ಬರುವ ಮುನ್ನ ಲಾಗ್‌ಔಟ್ ಕಡ್ಡಾಯ.

ನಿಮಗೆ ಯಾವುದು ಒಳ್ಳೆಯದು ಎಂದು ನಾನು ಹೇಳಲಾರೆ. ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಕೆಲಸ ಬೇರೆ. ಒಂದು ವಾರ ಎರಡನ್ನು ಬಳಸಿ ನೋಡಿ, ಆಮೇಲೆ ನೀವೇ ನಿರ್ಧರಿಸಿ. ಬುಕ್‌ಮಾರ್ಕ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಲು ‘ಇಂಪೋರ್ಟ್’ ಆಯ್ಕೆ ಇದ್ದೇ ಇದೆ.

ಮೊನ್ನೆ ವಿದ್ಯಾರ್ಥಿವೇತನ ಖಾತೆಗೆ ಬಂತು. ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ‘ಒಳ್ಳೇದಾಯ್ತು ಕಣಪ್ಪಾ, ಈ ಸಲ ಸೊಸೈಟಿಗೆ ಹೋಗೋದು ತಪ್ತು’ ಅಂದರು. ಬ್ರೌಸರ್ ಕಥೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ, ‘ಕೊನೇ ದಿನ ರಾತ್ರಿ ಹನ್ನೊಂದು ಗಂಟೆವರೆಗೂ ಏನ್ ಮಾಡ್ತಿದ್ದೆ?’ ಅಂತ ಕೇಳೋರು. ಅದಕ್ಕೆ ಯಾವ ಬ್ರೌಸರ್‌ನಲ್ಲಿ ಹುಡುಕಿದರೂ ಉತ್ತರ ಸಿಗುವುದಿಲ್ಲ!