ತಾತನ ಕೋವಿಗೆ ರೇಟ್ ಎಷ್ಟು?

ಹುಣಸೂರು ತಾಲ್ಲೂಕಿನ ಗುರುಪುರದ ಕಡೆಯಿಂದ ವೀಕ್ಷಕರೊಬ್ಬರು ಫೋನ್ ಮಾಡಿದ್ರು. ಹೊಗೆಸೊಪ್ಪು ಬೆಳೆಯುವ ರೈತರು. "ಸಾರ್, ನಮ್ಮ ತಾತನ ತ್ರೀ ನಾಟ್ ತ್ರೀ ಮನೇಲಿದೆ. ಮಿಲಿಟರಿದು. ಫಾರಿನ್‌ನಲ್ಲಿ ಲಕ್ಷಗಟ್ಟಲೆ ಕೊಡ್ತಾರಂತೆ, ಹೌದಾ?"

ಕೆಲವಕ್ಕೆ ಕೊಡ್ತಾರೆ, ನಿಜ. ಆದ್ರೆ ಹಳೇದು ಅನ್ನೋ ಒಂದೇ ಕಾರಣಕ್ಕೆ ಅಲ್ಲ. ಲೀ-ಎನ್‌ಫೀಲ್ಡ್ ರೈಫಲ್‌ಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ನಮ್ಮ ಬಂಗಾಳದ ಇಶಾಪುರ ಅಂತ ಎಲ್ಲೆಲ್ಲೋ ಲಕ್ಷಾಂತರ ತಯಾರಾದವು. ಹಾಗಾಗಿ ಸಂಗ್ರಹಕಾರರು ಮೊದಲು ಹುಡುಕೋದು ಗುರುತು. ಹಿಡಿಯ ಬುಡದ ಉಕ್ಕಿನ ಮೇಲೆ ಕಿರೀಟ, ಕಾರ್ಖಾನೆ, ವರ್ಷ, ಮಾಡೆಲ್ ಒತ್ತಿರುತ್ತಾರೆ. ಆಮೇಲೆ ನಂಬರ್. ಬೋಲ್ಟ್ ಮೇಲಿನ ನಂಬರ್ರೂ ಬಾಡಿ ಮೇಲಿನ ನಂಬರ್ರೂ ಒಂದೇ ಇರಬೇಕು. ನಾನು ಇಂಜಿನಿಯರಿಂಗ್ ಓದಿದವನು, ಈ ವಿಷಯ ನನಗೆ ಬಹಳ ಇಷ್ಟ: ಒಂದೊಂದು ಬೋಲ್ಟನ್ನೂ ಆಯಾ ರೈಫಲ್‌ಗೇ ಕೂರಿಸಿರುತ್ತಾರೆ. ಅದು ಬದಲಾಗಿದ್ರೆ ಬೆಲೆ ಬಿತ್ತು, ಹಾರಿಸೋದೂ ಅಪಾಯ.

"ಉಜ್ಜಿ ಪಾಲಿಶ್ ಮಾಡಿಸ್ಲಾ ಸಾರ್?" ಅಂದ್ರು. ದಯವಿಟ್ಟು ಬೇಡ! ಉಪ್ಪುಕಾಗದ ಹಾಕಿದ್ರೆ ಗುರುತೂ ಹೋಯ್ತು, ಬೆಲೆಯೂ ಹೋಯ್ತು. 2019ರಲ್ಲಿ ಇಂಗ್ಲೆಂಡಿನಲ್ಲಿ ಟಿಪ್ಪುವಿನ ಒಂದು ಬಂದೂಕು 60,000 ಪೌಂಡಿಗೆ ಹರಾಜಾಯ್ತು. ಅದು ಯುದ್ಧದಲ್ಲಿ ಪೆಟ್ಟು ತಿಂದಿದ್ದ ಬಂದೂಕು. ಶ್ರೀರಂಗಪಟ್ಟಣದಿಂದ ಅದನ್ನು ಒಯ್ದ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಯಾರು ಅನ್ನೋದು ಗೊತ್ತಿತ್ತು. ಬೆಲೆ ಬಂದದ್ದು ಹೊಳಪಿಗಲ್ಲ, ಆ ಜಾಡಿಗೆ.

ಫೋಟೋ ತರಿಸಿಕೊಂಡು ನೋಡಿದೆ. ಬ್ಯಾರೆಲ್ ಮೇಲೆ .315 ಅಂತಿದೆ! .303 ಸೇನೆಯ ಗುಂಡಿನ ಅಳತೆ, ಪ್ರೊಹಿಬಿಟೆಡ್ ಬೋರ್. ಅದರ ಲೈಸೆನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಲಿದೆ. ಅದಕ್ಕೇ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ಅದೇ ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಜನರಿಗೆ ಮಾರಲು .315 ಮಾಡಿದವು. ನೋಡೋಕೆ ಅಣ್ಣ-ತಮ್ಮಂದಿರ ಹಾಗೆ ಇರುತ್ತವೆ. ಯುದ್ಧ ಕಂಡ ರೈಫಲ್ ಅಲ್ಲ ಅಂದಾಗ ಅವರಿಗೆ ಬೇಜಾರಾಯ್ತು. ನನಗೆ ಮಾತ್ರ ಸಮಾಧಾನ. ಯಾಕೆ ಗೊತ್ತಾ?

"ಲೈಸೆನ್ಸ್ ಯಾರ ಹೆಸರಲ್ಲಿದೆ?" ಅಂತ ಕೇಳಿದ್ದೆ. ಅಪ್ಪನ ಹೆಸರಲ್ಲಂತೆ. ಅಪ್ಪ ತೀರಿಕೊಂಡು ಎರಡು ವರ್ಷ! ಮೊದಲೆಲ್ಲ ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಜಮಾ ಮಾಡ್ತಿದ್ರಂತೆ, ಆಮೇಲೆ ಅದೂ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಆದ್ರೆ ಪಕ್ಕದ ತಾಲ್ಲೂಕಿನವರು ಅನ್ನೋ ಕಾರಣಕ್ಕೆ ಹುಣಸೂರಿನವರಿಗೆ ಅದು ಸಿಗಲ್ಲ. ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಲೈಸೆನ್ಸ್‌ದಾರ ತೀರಿಕೊಂಡ್ರೆ ವಾರಸುದಾರರು ತಡಮಾಡದೆ ಕೋವಿಯನ್ನು ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಒಪ್ಪಿಸಬೇಕು. ಆಮೇಲೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಅರ್ಹರಿಗೆ ಮಾರಲೂಬಹುದು. ಸುಮ್ಮನೆ ಇಟ್ಟುಕೊಂಡ್ರೆ ಅದು ಅಕ್ರಮ ಶಸ್ತ್ರ. ಗಿರಾಕಿ ಹುಡುಕುತ್ತಾ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಹಾಕಿದ್ರಂತೂ ತಾವೇ ಸಾಕ್ಷಿ ಕೊಟ್ಟಂತೆ.

"ಹಾಗಾದ್ರೆ ರೇಟು?" ಅಂತ ಮತ್ತೆ ಕೇಳಿದ್ರು. ಕಾಗದ ಸರಿಯಾಗೋವರೆಗೆ ಸೊನ್ನೆ ಅಂದೆ. ವಕೀಲರೊಬ್ಬರನ್ನು ಕರ್ಕೊಂಡು, ಅಪ್ಪನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಹಿಡಿದು ಠಾಣೆಗೆ ಹೋಗಿ ಅಂದೆ. ಮೂರು ದಿನ ಬಿಟ್ಟು ಇನ್ನೊಂದು ಫೋಟೋ ಬಂತು. ಈ ಸಲ ಕೋವಿಯದ್ದಲ್ಲ, ಜಮಾ ರಸೀದಿಯದ್ದು.